ಮೂರನೇ ತಿರುವಿನ ಕೆರೆ

ಜನವರಿ 11

ಅಕ್ಕಾ,

ಮೊದಲು ಸುದ್ದಿ, ಆಮೇಲೆ ಕುಶಲ. ನಮ್ಮ ಹಳೇ ಕಂಪ್ಯೂಟರನ್ನು ಅಮ್ಮನ ಮಂಚದ ಕೆಳಗಿನಿಂದ ಹೊರಗೆ ತೆಗೆದಿದ್ದೇನೆ. ನೀನು ಕೆಲಸಕ್ಕೆ ಸೇರಿ ಹೋದ ವರ್ಷ ಅಮ್ಮ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ ನಾಲ್ಕು ಗಂಟು ಹಾಕಿಟ್ಟಿದ್ದಳಲ್ಲ, ಹದಿನೆಂಟು ವರ್ಷವಾದರೂ ಅದೇ ಗಂಟು. ಬಿಚ್ಚಿದರೆ ಬಿಳಿ ಡಬ್ಬಿ ಹಳದಿಯಾಗಿದೆ. ಪಕ್ಕದ ಮುಚ್ಚಳ ತೆಗೆದೆ. ಧೂಳು ಅಂದರೆ ಅಂತಿಂಥ ಧೂಳಲ್ಲ, ಫ್ಯಾನಿಗೆ ಕಂಬಳಿ ಹೊದಿಸಿದ ಹಾಗಿತ್ತು.

ಇದನ್ನು ಅಪ್‌ಗ್ರೇಡ್ ಮಾಡಿ ಗೇಮ್ ಆಡುವ ಹಾಗೆ ಮಾಡಬೇಕು ಎಂದು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಅಂಗಡಿಯವನನ್ನು ಕೇಳಿದೆ. ಅವನು, "ಸಾರ್, ಇದಕ್ಕೆ ಹೊಸ ಪಾರ್ಟ್ ಹಾಕ್ತಾ ಹೋದ್ರೆ ಕೊನೆಗೆ ಹಳೇದು ಅಂತ ಉಳಿಯೋದು ಮುಚ್ಚಳ ಒಂದೇ" ಅಂದ. "ಮುಚ್ಚಳ ಉಳಿದ್ರೆ ಸಾಕು" ಅಂದೆ. ಅವನು ನಗಲಿಲ್ಲ. ನಾನೂ ತಮಾಷೆಗೆ ಹೇಳಿದ್ದಲ್ಲ.

ಆ ಕಾರಿನ ಆಟ ನೆನಪಿದೆಯಾ? ಇಬ್ಬರಿಗೂ ಒಂದೇ ಕೀಬೋರ್ಡು. ದೊಡ್ಡವಳು ಎಂಬ ಹಕ್ಕಿನಲ್ಲಿ ನೀನು ಎಡಗಡೆ, ಕೆಂಪು ಕಾರು. ನಾನು ಬಲಗಡೆ, ಬಾಣದ ಕೀಗಳು, ನೀಲಿ ಕಾರು. ಮೊದಲನೇ ತಿರುವು ದಾಟುತ್ತಿದ್ದೆ, ಎರಡನೆಯದೂ ದಾಟುತ್ತಿದ್ದೆ, ಸೇತುವೆ ಆದ ಮೇಲೆ ಮೂರನೇ ತಿರುವಿನಲ್ಲಿ ಸೀದಾ ಕೆರೆಗೆ. ನೀನು ಅದೇ ಹೊತ್ತಿಗೆ ಪೇಂ ಪೇಂ ಎಂದು ಹಾರ್ನ್ ಹೊಡೆದು ನನ್ನನ್ನು ಕೆಣಕುತ್ತಿದ್ದೆ. "ಬಲಗಡೆ ಬಾಣ ಒತ್ತಿದ್ರೂ ತಿರುಗ್ತಿಲ್ಲಮ್ಮಾ" ಎಂದು ನಾನು ಅತ್ತರೆ ಅಮ್ಮ, "ಕುಣಿಯೋಕೆ ಬಾರದವನು ನೆಲ ಡೊಂಕು ಅಂದನಂತೆ" ಅನ್ನುತ್ತಿದ್ದಳು. ನನಗೆ ಮೀನು ಎಂದು ಹೆಸರು ಬಿದ್ದದ್ದು ಹಾಗೆಯೇ ತಾನೆ. ಕೆರೆಗೆ ಬಿದ್ದರೆ ಐದು ಎಣಿಸುವಷ್ಟು ಹೊತ್ತು ಪರದೆಯ ನನ್ನ ಅರ್ಧ ನೀಲಿಯಾಗುತ್ತಿತ್ತು. ಒಂದು ಹಳದಿ ಮೀನು ಎಡದಿಂದ ಬಲಕ್ಕೆ ನಿಧಾನವಾಗಿ ಹೋಗುತ್ತಿತ್ತು. ಆಮೇಲೆ ಕಾರನ್ನು ಯಾರೋ ಎತ್ತಿ ರಸ್ತೆಗೆ ಇಡುತ್ತಿದ್ದರು. ನೀನು ಅದನ್ನು ನೋಡಿರಲಾರೆ, ನಿನ್ನ ಕಣ್ಣೆಲ್ಲ ನಿನ್ನ ಅರ್ಧದ ರಸ್ತೆಯ ಮೇಲೇ. ನೀನು ಬಿದ್ದವಳೇ ಅಲ್ಲವಲ್ಲ.

ಅಂಗಡಿಯಲ್ಲಿ ಈಗಿನ ಕಾರಿನ ಆಟವೊಂದನ್ನು ತೋರಿಸಿದರು. ಅದರಲ್ಲೂ ಕೆರೆಯಿದೆ, ನೀರಿನ ಮೇಲೆ ಮೋಡದ ನೆರಳು ಕೂಡ ಅಲ್ಲಾಡುತ್ತದೆ. ಅದು ಓಡಬೇಕಾದರೆ ಗ್ರಾಫಿಕ್ಸ್ ಕಾರ್ಡ್ ಬೇಕು, ರ‍್ಯಾಮ್ ಬೇಕು, ಹೊಸ ಡಿಸ್ಕ್ ಬೇಕು. ಒಂದೊಂದಾಗಿ ಹಾಕುತ್ತೇನೆ. ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಇಷ್ಟು ವರ್ಷ ಕೂತವನಿಗೆ ಒಂದು ಡಬ್ಬಿ ಬಿಚ್ಚಿ ಜೋಡಿಸುವ ತಾಳ್ಮೆ ಇದೆ. ಕೈ ನಿಧಾನ, ಅದು ನಿನಗೆ ಗೊತ್ತೇ ಇದೆ.

ಅಮ್ಮ ಹೋದಾಗ ನಾಲ್ಕು ದಿನ ಇದ್ದು ಹೋದೆ. ಎರಡು ವರ್ಷವಾಯಿತು. ಈ ಸೆಪ್ಟೆಂಬರಿಗಾದರೂ ರಜೆ ಹಾಕಿ ಬಾ. ನಿನ್ನನ್ನು ಬಾ ಅನ್ನುವುದಕ್ಕೆ ಮನೆಯಲ್ಲಿ ಏನಾದರೂ ಹೊಸದು ಇರಬೇಕು ಎಂದೇ ಇಷ್ಟೆಲ್ಲ.

ಟೇಬಲ್ ಇಡಲು ಜಾಗವಿರಲಿಲ್ಲ, ಅಮ್ಮನ ಮಂಚವನ್ನು ಕೊಟ್ಟುಬಿಟ್ಟೆ.

ಮೀನು


ಜನವರಿ 25

ಮೀನು,

ನಿನ್ನ ಪತ್ರ ಗುರುವಾರದ ಜೀಪಿನಲ್ಲಿ ತರಕಾರಿ ಮೂಟೆಯ ಮೇಲೆ ಕೂತು ಬಂತು. ಅಂಚೆಲ್ಲ ಒದ್ದೆ. ಹದಿನೈದು ದಿನಕ್ಕೊಮ್ಮೆ ಬರುವ ಜೀಪು, ಅದರಲ್ಲಿ ನನಗೆ ಅಂತ ಬರುವುದು ಒಂದೋ ಎರಡೋ ಲಕೋಟೆ, ಅವೂ ಹೆಚ್ಚಾಗಿ ಆಫೀಸಿನವು. ಆದ್ದರಿಂದ ನಿನ್ನದನ್ನು ಒಲೆಯ ಹತ್ತಿರ ಒಣಗಿಸಿ ಓದಿದೆ.

ಫೋನ್ ಸಿಗ್ನಲ್ ಕೂಡ ಇಲ್ಲದ ಈ ಪಂಪ್‌ಹೌಸಿನಲ್ಲಿ ಎಲ್ಲ ಇದ್ದ ಹಾಗೇ ಇದೆ. ನಾಲ್ಕು ಪಂಪು, ಮೂವರು ಜನ. ಸೂಪರ್‌ವೈಸರ್, ಅಡುಗೆಯವರು, ಎಲೆಕ್ಟ್ರಿಷಿಯನ್ ಆದ ನಾನು. ನಮ್ಮ ಮೂವರಲ್ಲಿ ಆಡುವ ಮಾತೆಲ್ಲ ಮುಗಿದು ಒಂದು ವರ್ಷವಾಗಿರಬೇಕು. ಅಡುಗೆಯವರು ಈಗ ನಾಲ್ಕನೇ ಪಂಪಿನ ಜೊತೆ ಮಾತಾಡುತ್ತಾರೆ. ಅದೂ ಒಂಥರಾ ಉತ್ತರ ಕೊಡುತ್ತದೆ.

ಈಗ ಕೇಳು. ಮೊದಲು ಧೂಳು ತೆಗಿ, ಒದ್ದೆ ಬಟ್ಟೆ ಬೇಡ, ಬ್ರಶ್ ಸಾಕು. ರ‍್ಯಾಮ್ ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜು. ಗ್ರಾಫಿಕ್ಸ್ ಕಾರ್ಡ್ ಎಂದು ಕುಣಿಯುವ ಮೊದಲು ಪವರ್ ಸಪ್ಲೈ ಬದಲಿಸು. ಹಳೆಯದು ಆ ಭಾರ ಹೊರಲಾರದು. ಮುದಿ ಎತ್ತಿಗೆ ಎರಡು ಗಾಡಿ ಕಟ್ಟಬೇಡ. ಯಾವುದನ್ನೂ ಮುಟ್ಟುವ ಮೊದಲು ಒಮ್ಮೆ ಡಬ್ಬಿಯ ಕಬ್ಬಿಣ ಮುಟ್ಟು.

ಕೆರೆಯ ವಿಷಯ ಓದಿ ನಗು ಬಂತು. ಕೀಬೋರ್ಡು ಅದೇ ಇದೆಯಾ? ಹಾರ್ನಿನ ಕೀ ಇನ್ನೂ ಕೆಲಸ ಮಾಡುತ್ತಾ ನೋಡು.

ಸೆಪ್ಟೆಂಬರಿಗೆ ಹದಿನೈದು ದಿನ ರಜೆ ಬರೆದು ಕೊಟ್ಟಿದ್ದೇನೆ. ಸೂಪರ್‌ವೈಸರ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವರ ಲೆಕ್ಕದಲ್ಲಿ ಅದು ಒಪ್ಪಿಗೆ.

ಅಕ್ಕ


ಫೆಬ್ರವರಿ 9

ಅಕ್ಕಾ,

ರಜೆ ಬರೆದು ಕೊಟ್ಟಿದ್ದೀಯ ಎಂಬ ಸಾಲನ್ನು ನಾಲ್ಕು ಸಲ ಓದಿದೆ. ಪ್ರೆಸ್ಸಿನಲ್ಲಿ ಪಕ್ಕದವರಿಗೆ ಹೇಳಿದೆ. ಅವರು, "ಸೆಪ್ಟೆಂಬರ್ ಇನ್ನೂ ಎಲ್ಲಿದೆ ಮಾರಾಯ" ಅಂದರು. ದೂರ ಇರುವುದು ಒಳ್ಳೆಯದೇ, ಕೆಲಸ ಬೇಕಾದಷ್ಟಿದೆ.

ಪವರ್ ಸಪ್ಲೈ ಬದಲಾಯಿತು. ರ‍್ಯಾಮ್ ಉಜ್ಜಿ ಹಾಕಿದೆ, ಪಕ್ಕದಲ್ಲಿ ಇನ್ನೊಂದು ಪಟ್ಟಿ ಸೇರಿಸಿದೆ. ಹೊಸ ಡಿಸ್ಕಿನ ಜೊತೆ ಹಳೆಯದನ್ನೂ ಇಟ್ಟಿದ್ದೇನೆ, ನಮ್ಮ ಆಟ ಅದರಲ್ಲೇ ಇರುವುದು. ಯಾರೋ ಬಳಸಿ ಮಾರಿದ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿತು. ಮನೆಗೆ ತಂದರೆ ಡಬ್ಬಿಗಿಂತ ಎರಡು ಬೆರಳು ಉದ್ದ! ಖಾಲಿ ಬಿದ್ದಿದ್ದ ಡಿಸ್ಕಿನ ಗೂಡಿನ ಮೊಳೆಗಳನ್ನು ಕೊರೆದು, ಗೂಡನ್ನೇ ಕಿತ್ತು ಜಾಗ ಮಾಡಿದೆ. ಒಳಗಿನ ವೈರುಗಳನ್ನೆಲ್ಲ ಪುಸ್ತಕ ಹೊಲಿಯುವ ದಾರದಿಂದ ಕಟ್ಟಿದ್ದೇನೆ. ಅಂಗಡಿಯವನಿಗೆ ತೋರಿಸಿದರೆ, "ಇಷ್ಟು ನೀಟಾಗಿ ನಾನೂ ಕಟ್ಟಿಲ್ಲ ಸಾರ್" ಅಂದ. ಅವನ ಹತ್ತಿರ ಒಂದು ಫ್ಯಾನಿನ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ಫ್ಯಾನಿನ ಬಗ್ಗೆ ಅಷ್ಟು ಮಾತಾಡುವುದೇನೂ ಇರಲಿಲ್ಲ. ಆರು ಗಂಟೆಗೆ ಪ್ರೆಸ್ ಮುಚ್ಚಿದರೆ ಮರುದಿನ ಒಂಬತ್ತರವರೆಗೆ ನನ್ನ ಧ್ವನಿ ನನಗೇ ಬೇಕಾಗುವುದಿಲ್ಲ, ಅದಕ್ಕೆ.

ಅವನು ಬಣ್ಣದ ದೀಪವಿರುವ ಹೊಸ ಕೀಬೋರ್ಡ್ ಕೊಡಲು ನೋಡಿದ. "ಇದ್ರಲ್ಲಿ ಎಷ್ಟು ಕೀ ಒಟ್ಟಿಗೆ ಒತ್ತಿದ್ರೂ ಎಲ್ಲಾನೂ ಕೇಳಿಸ್ಕೊಳ್ಳುತ್ತೆ ಸಾರ್, ಹಳೇದ್ರಲ್ಲಿ ಹಾಗಲ್ಲ" ಎಂದೇನೋ ಹೇಳಿದ. ನನಗೆ ಬೇಡ ಅಂದೆ. ನಮ್ಮದರಲ್ಲಿ ಅಕ್ಷರ ಅಳಿಸಿಹೋಗಿರುವುದು ನಮ್ಮ ಬೆರಳಿನಿಂದ. ಎಲ್ಲಕ್ಕಿಂತ ಹೆಚ್ಚು ಸವೆದಿರುವುದು ಯಾವುದು ಗೊತ್ತಾ? ನಿನ್ನ ಹಾರ್ನು.

ಈಗ ಕಷ್ಟ. ಆನ್ ಮಾಡಿದರೆ ಮೂರು ಸಲ ಕೂಗುತ್ತದೆ, ಪರದೆ ಕಪ್ಪು. ಏನು ಮಾಡಲಿ?

ಮೀನು


ಮಾರ್ಚ್ 16

ಅಕ್ಕಾ,

ಎರಡು ಗುರುವಾರದ ಜೀಪು ಹೋಗಿ ಬಂದಿರಬೇಕು. ನಿನ್ನಿಂದ ಪತ್ರವಿಲ್ಲ. ಕೂಗಿನ ವಿಷಯ ಬಿಡು, ಅದು ಕಾಯುತ್ತದೆ.

ಮಂಚದ ವಿಷಯಕ್ಕೆ ಬೇಜಾರಾಯಿತಾ? ನಿನ್ನ ಹಿಂದಿನ ಪತ್ರದಲ್ಲೂ ನೀನು ಆ ಮಾತು ಎತ್ತಿರಲಿಲ್ಲ. ಆಗ ಗಮನಿಸಲಿಲ್ಲ, ಈಗ ಅದೇ ಕಾಣುತ್ತಿದೆ. ನಿನ್ನನ್ನು ಕೇಳದೆ ಕೊಟ್ಟದ್ದು ತಪ್ಪು. ಅಮ್ಮ ಕಡೆಯ ಆರು ತಿಂಗಳು ಮಲಗಿದ್ದ ಮಂಚ ಅದು. ಅವಳು ಹೋದ ಮೇಲೂ ನಾನು ಪ್ರತಿದಿನ ಚಹಾ ಲೋಟ ಹಿಡಿದು ಆ ಕಡೆ ತಿರುಗುತ್ತಿದ್ದೆ, ತಿರುಗಿ ಲೋಟ ನಾನೇ ಕುಡಿಯುತ್ತಿದ್ದೆ. ಎರಡು ವರ್ಷ ಹಾಗೇ ಮಾಡಿದೆ. ಅದಕ್ಕೇ ಕೊಟ್ಟೆ, ಟೇಬಲ್ಲಿಗೆ ಜಾಗವಿಲ್ಲ ಎನ್ನುವುದು ನೆಪ. ಹೊಟ್ಟೆಗೆ ಹಾಕಿಕೋ.

ಒಂದು ಸಾಲು ಬರಿ.

ಮೀನು


ಏಪ್ರಿಲ್ 20

ಅಕ್ಕಾ,

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂದರೆ ಏನೆಂದು ಈಗ ಗೊತ್ತಾಯಿತು. ಕೆಳಗಿನ ಮನೆಯವರ ಲಕೋಟೆಗಳನ್ನೂ ನಾನೇ ಎತ್ತಿ ನೋಡುತ್ತೇನೆ, ತಪ್ಪಿ ಅಲ್ಲಿಗೆ ಬಿದ್ದಿದೆಯೇನೋ ಎಂದು. ಡಬ್ಬಿಯನ್ನು ಮತ್ತೆ ಬೆಡ್‌ಶೀಟಿನಲ್ಲಿ ಮುಚ್ಚಿಟ್ಟಿದ್ದೇನೆ. ಗಂಟು ಹಾಕಿಲ್ಲ.

ಮೀನು


ಮೇ 2

ಪ್ರಿಯ ತಮ್ಮನಿಗೆ,

ನಿನ್ನ ಮೂರು ಪತ್ರಗಳೂ ತಲುಪಿವೆ. ಕೆಲಸ ಹೆಚ್ಚಿದ್ದುದರಿಂದ ಬರೆಯಲಾಗಲಿಲ್ಲ. ಆಫೀಸಿನ ಪ್ರಿಂಟರ್ ಇರುವುದರಿಂದ ಇನ್ನು ಹೀಗೆ ಬರೆಯುತ್ತೇನೆ.

ಮಂಚದ ವಿಷಯ ನನಗೆ ಬೇಸರವಿಲ್ಲ.

ಮೂರು ಸಲ ಕೂಗಿದರೆ ರ‍್ಯಾಮ್ ಸರಿಯಾಗಿ ಕೂತಿಲ್ಲ ಎಂದು ಅರ್ಥ. ತೆಗೆದು ಎರಡೂ ಕಡೆ ಕ್ಲಿಪ್ ಟಕ್ ಅನ್ನುವವರೆಗೆ ಒತ್ತು. ಆದರೆ ಕೈ ಹಾಕುವ ಮೊದಲು ಪ್ಲಗ್ ತೆಗಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ತೆಗಿ. ತೆಗೆದ ಪ್ಲಗ್ಗನ್ನು ನಿನ್ನ ಮಡಿಲಲ್ಲಿ ಇಟ್ಟುಕೋ. ಕಣ್ಣೆದುರಿಗೆ ಇರಬೇಕು. ಬೇರೆ ಯಾರೂ ಕೋಣೆಯಲ್ಲಿ ಇರಬಾರದು, ಇದ್ದರೆ ಅವರಿಗೆ ಹೇಳು. ಮರೆಯಬೇಡ. ಫ್ಯಾನಿನ ಹತ್ತಿರ ಬೆರಳು ಬೇಡ.

ಸೆಪ್ಟೆಂಬರ್ ರಜೆ ಸಿಗುವುದು ಅನುಮಾನ.

ಅಕ್ಕ


ಮೇ 18

ಅಕ್ಕಾ,

ನಿನ್ನ ಆಫೀಸ್ ಪತ್ರ ಬಂತು. ಕೆಳಗೊಂದು ಸೀಲು ಹೊಡೆದಿದ್ದರೆ ಫೈಲಿಗೆ ಹಾಕಬಹುದಿತ್ತು. ಅಂಗೈಯಗಲದ ಫ್ಯಾನಿಗೆ ಇಷ್ಟು ಎಚ್ಚರಿಕೆಯೇ? ಅಮ್ಮನ ಹಾಗೆ ಆಡುತ್ತೀಯ.

ರ‍್ಯಾಮ್ ಒತ್ತಿದೆ, ಟಕ್ ಅಂದಿತು. ಎಲ್ಲ ಸರಿಯಾಯಿತು. ಈಗ ನನ್ನ ಭಾನುವಾರಗಳು ಖಾಲಿ ಇಲ್ಲ. ಮೇಲಿನ ಮಹಡಿಯಲ್ಲಿ ಒಬ್ಬರು ಮೇಷ್ಟ್ರಿದ್ದಾರೆ, ರಿಟೈರ್ ಆದವರು. ಸಂಜೆ ನಾಲ್ಕಕ್ಕೆ ಕೆಳಗೆ ಬರುತ್ತಾರೆ, ನಿನ್ನ ಕುರ್ಚಿಯಲ್ಲಿ ಕೂರುತ್ತಾರೆ, ಎಡಗಡೆ. ಹಳೇ ಕಾರಿನ ಆಟವನ್ನೇ ಆಡುತ್ತೇವೆ. ಅವರದು ಕೆಂಪು ಕಾರು. ನಾನು ಈಗಲೂ ಮೂರನೇ ತಿರುವಿನಲ್ಲಿ ತಪ್ಪದೆ ಕೆರೆಗೆ ಬೀಳುತ್ತೇನೆ, ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಏನಪ್ಪಾ, ಈಜೋಕೆ ಹೊರಟ್ಯಾ?" ಅನ್ನುತ್ತಾರೆ. ಚಹಾ ಕುಡಿದು ಏಳಕ್ಕೆ ಹೋಗುತ್ತಾರೆ.

ಆದ್ದರಿಂದ ರಜೆಗೆ ನೀನು ಒದ್ದಾಡಬೇಡ. ಸಿಕ್ಕರೆ ಸರಿ, ಇಲ್ಲದಿದ್ದರೂ ಸರಿ.

ಮೀನು


ಜೂನ್ 2

ತಮ್ಮನಿಗೆ,

ಮೇಷ್ಟ್ರ ವಿಷಯ ತಿಳಿದು ನಿಜವಾಗಿ ಸಂತೋಷವಾಯಿತು. ನೀನು ಒಬ್ಬನೇ ಇದ್ದೀಯ ಎಂಬುದೊಂದೇ ನನಗೆ ಚಿಂತೆಯಾಗಿತ್ತು. ರಜೆಯ ಅರ್ಜಿ ವಾಪಸ್ ತೆಗೆದುಕೊಂಡಿದ್ದೇನೆ.

ಅಕ್ಕ


ಜೂನ್ 29

ಮೀನು,

ಇದನ್ನು ಟೈಪ್ ಮಾಡಲು ಮೂರು ದಿನ ಬೇಕಾಯಿತು. ಪೂರ್ತಿ ಓದು, ನಡುವೆ ಎದ್ದು ಹೋಗಬೇಡ.

ಮೇಷ್ಟ್ರ ವಿಷಯ ಬರೆದಿದ್ದ ನಿನ್ನ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ದಿನಾ ಓದುತ್ತಿದ್ದೆ, ನಿನ್ನ ಜೊತೆ ಯಾರೋ ಕೂತು ನಗುತ್ತಿದ್ದಾರಲ್ಲ ಎಂದು. ನಾಲ್ಕು ವಾರ ಆದ ಮೇಲೆ, ಮೊನ್ನೆ ಮೀಟರ್ ಓದಿ ಬರೆಯುತ್ತಿದ್ದಾಗ ಇದ್ದಕ್ಕಿದ್ದಂತೆ ಹೊಳೆಯಿತು. ನೀನು ಕೆರೆಗೆ ಬೀಳಲು ಸಾಧ್ಯವೇ ಇಲ್ಲ.

ನೀನು ಬೀಳುತ್ತಿದ್ದದ್ದು ನಿನ್ನ ಕೈ ನಿಧಾನ ಎಂದಲ್ಲ. ಆ ಕೀಬೋರ್ಡಿನಲ್ಲಿ ನಾನು ಓಟದ ಕೀ, ಬಲಕ್ಕೆ ತಿರುಗುವ ಕೀ, ಹಾರ್ನಿನ ಕೀ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿದರೆ ನಿನ್ನ ಬಲಗಡೆಯ ಬಾಣ ಸತ್ತುಹೋಗುತ್ತಿತ್ತು. ನೀನು ಎಷ್ಟು ಒತ್ತಿದರೂ ಅದು ಕೇಳಿಸಿಕೊಳ್ಳುತ್ತಿರಲಿಲ್ಲ. ಮೊದಲ ಸಲ ಸುಮ್ಮನೆ ನಿನ್ನನ್ನು ರೇಗಿಸಲು ಹಾರ್ನ್ ಹೊಡೆದೆ, ನೀನು ಬಿದ್ದೆ. ಎರಡನೇ ಸಲವೂ ಬಿದ್ದೆ. ಮೂರನೇ ಸಲದ ಹೊತ್ತಿಗೆ ನನಗೆ ಅರ್ಥವಾಗಿತ್ತು. ಆಮೇಲೆ ಐದು ವರ್ಷ ಬೇಕೆಂದೇ ಮಾಡಿದೆ. ನೀನು ಬಾಣ ಕೆಲಸ ಮಾಡುತ್ತಿಲ್ಲ ಎಂದು ಅಮ್ಮನಿಗೆ ಹೇಳುತ್ತಿದ್ದದ್ದು ಪ್ರತಿಯೊಂದು ಸಲವೂ ನಿಜ.

ಮೇಷ್ಟ್ರು ಸೇತುವೆ ದಾಟಿದ ಕೂಡಲೇ ಹಾರ್ನ್ ಒತ್ತಿ ಹಿಡಿಯುತ್ತಾರಾ? ರೇಸಿನ ನಡುವೆ ಯಾರು ಹಾರ್ನ್ ಹೊಡೆಯುತ್ತಾರೆ, ನನ್ನಂಥವಳೊಬ್ಬಳನ್ನು ಬಿಟ್ಟು? ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಬರೆದಿದ್ದೆ ಮೀನು. ಚಹಾ, ಏಳು ಗಂಟೆ, ಈಜೋಕೆ ಹೊರಟ್ಯಾ. ಆದರೆ ಆ ಕುರ್ಚಿಯಲ್ಲಿ ಯಾರೂ ಕೂತಿಲ್ಲ. ನಾನು ಸಂತೋಷಪಟ್ಟು ರಜೆ ವಾಪಸ್ ತೆಗೆದುಕೊಂಡಾಗ ನೀನು ಒಬ್ಬನೇ ಇದ್ದೆ.

ಇಷ್ಟೇ ಆಗಿದ್ದರೆ ಮಕ್ಕಳಾಟ ಎಂದು ಬಿಡಬಹುದಿತ್ತು. ಪ್ರೆಸ್ಸಿನವರು ನಿನ್ನನ್ನು ಮಿಷಿನ್ ವಿಭಾಗಕ್ಕೆ ತೆಗೆದುಕೊಳ್ಳುತ್ತೇವೆ ಎಂದ ದಿನ ನಿನಗೆ ನೆನಪಿದೆ. ನಾವು ಮೂವರೂ ಊಟಕ್ಕೆ ಕೂತಿದ್ದೆವು. ಅಮ್ಮ, "ಬೇಡಪ್ಪಾ, ಇವನ ಕೈ ನಿಧಾನ. ಆಟದಲ್ಲೇ ಒಂದು ತಿರುವು ತಿರುಗಿಸೋಕಾಗಲ್ಲ, ಮಿಷಿನ್‌ಗೆ ಬೆರಳು ಕೊಟ್ಟಾನು" ಅಂದಳು. ನೀನು ತಲೆ ತಗ್ಗಿಸಿ, "ಹೌದು, ನನಗೆ ಬೈಂಡಿಂಗೇ ಸಾಕು" ಅಂದೆ. ನನ್ನ ಬಾಯಲ್ಲಿ ತುತ್ತಿತ್ತು. ನುಂಗಿ ಹೇಳಿದ್ದರೆ ಆಗುತ್ತಿತ್ತು. ನುಂಗಿದೆ, ಹೇಳಲಿಲ್ಲ. ಗೆಲ್ಲುವವಳು ಎಂಬ ಹೆಸರು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಮನೆಯಲ್ಲಿ ಚುರುಕು ಕೈ ನನ್ನದು ಎಂದಾಯಿತು, ಮಿಷಿನ್ ಕೆಲಸ ಕಲಿಯಲು ನನ್ನನ್ನು ಕಳಿಸಿದರು.

ಈಗ ಇನ್ನೊಂದು. ಮಿಷಿನ್‌ಗೆ ಬೆರಳು ಕೊಟ್ಟವಳು ನಾನು. ಫೆಬ್ರವರಿ 20ರಂದು ಎರಡನೇ ಪಂಪಿನ ಬೆಲ್ಟ್ ಬದಲಿಸುತ್ತಿದ್ದೆ. ಸ್ವಿಚ್ ಆರಿಸಿದ್ದೆ, ಆದರೆ ಸ್ವಿಚ್ ಇರುವುದು ಗೋಡೆಯ ಆಚೆ, ಕಣ್ಣಿಗೆ ಕಾಣದು. ಕೆಲಸ ನಡೆಯುತ್ತಿದೆ ಎಂಬ ಬೋರ್ಡನ್ನು ಅಲ್ಲಿ ನೇತುಹಾಕಬೇಕಿತ್ತು, ಮರೆತೆ. ಸೂಪರ್‌ವೈಸರ್ ಬಂದರು, ಪಂಪ್ ನಿಂತಿದೆಯಲ್ಲ ಎಂದು ಆನ್ ಮಾಡಿದರು. ಬಲಗೈಯ ನಡುವಿನ ಮೂರು ಬೆರಳು ಇಲ್ಲ. ಹೆಬ್ಬೆರಳು, ಕಿರುಬೆರಳು ಇವೆ. ಏಳು ವಾರ ಆಸ್ಪತ್ರೆಯಲ್ಲಿದ್ದೆ. ಹಿಂದಿನ ದಿನವಷ್ಟೇ ನಿನ್ನ ಪತ್ರ ಬಂದಿತ್ತು, ಎಷ್ಟು ಕೀ ಒತ್ತಿದರೂ ಕೇಳಿಸಿಕೊಳ್ಳುವ ಕೀಬೋರ್ಡ್ ಬೇಡ ಅಂದೆ ಎಂದು ಬರೆದಿದ್ದೆ. ಬೋರ್ಡು ನೇತುಹಾಕಲು ಮರೆತಾಗ ನಾನು ಅದನ್ನೇ ಯೋಚಿಸುತ್ತಿದ್ದೆ. ನಿನ್ನ ಮೇಲೆ ಹೊರಿಸಲು ಹೇಳುತ್ತಿಲ್ಲ. ಇದ್ದದ್ದನ್ನು ಹೇಳುತ್ತಿದ್ದೇನೆ.

ಆದ್ದರಿಂದ ಪ್ರಿಂಟರ್. ಎಡಗೈಯ ಒಂದು ಬೆರಳಿನಲ್ಲಿ ಕುಕ್ಕುತ್ತೇನೆ. ನಿನ್ನನ್ನು ಸೋಲಿಸುತ್ತಿದ್ದ ಕೈ ಈ ಬೆರಳಿಲ್ಲದ ಬಲಗೈಯೇ. ಅದನ್ನು ತಂದು ನಿನ್ನ ಟೇಬಲ್ಲಿನ ಮೇಲೆ ಇಡಲು ನನಗೆ ಮುಖವಿಲ್ಲ. ನೀನು ಬಾ ಅಂದಷ್ಟೂ ನನಗೆ ಹೆದರಿಕೆಯಾಗುತ್ತಿತ್ತು.

ಬೈಯುವುದಿದ್ದರೆ ಬರೆದು ಬೈ. ಸುಮ್ಮನಿರಬೇಡ.

ಅಕ್ಕ


ಆಗಸ್ಟ್ 10

ಅಕ್ಕಾ,

ಒಂದು ತಿಂಗಳು ಸುಮ್ಮನಿದ್ದೆ. ಬೇಕೆಂದೇ ಇದ್ದೆ. ನಿನಗೂ ಗೊತ್ತಾಗಲಿ, ಜೀಪು ಬರಿಗೈಲಿ ಬಂದರೆ ಹೇಗಿರುತ್ತದೆ ಎಂದು.

ನಿನ್ನ ಪತ್ರ ಓದಿದ ದಿನ ಡಬ್ಬಿ ಇನ್ನೂ ಬೆಡ್‌ಶೀಟಿನೊಳಗೇ ಇತ್ತು. ರ‍್ಯಾಮ್ ಟಕ್ ಅಂದದ್ದೂ ಸುಳ್ಳು. ಮೇಷ್ಟ್ರು ಇರುವುದು ನಿಜ. ಎಂಟು ವರ್ಷದಿಂದ ಮೆಟ್ಟಿಲಲ್ಲಿ ಸಿಗುತ್ತಾರೆ, "ಆಯ್ತಾ ಕೆಲಸ?" ಅನ್ನುತ್ತಾರೆ, "ಆಯ್ತು ಸಾರ್" ಅನ್ನುತ್ತೇನೆ. ಅಷ್ಟೇ. ಅವರು ಎರಡನೇ ಮಾತು ಆಡಿದ್ದರೆ ಏನು ಆಡಬಹುದು ಎಂದು ಯೋಚಿಸಿ ಆ ಪತ್ರ ಬರೆದೆ. ಬರೆಯುವಾಗ ಚೆನ್ನಾಗಿತ್ತು. ನಿಜಕ್ಕೂ ಯಾರೋ ಬಂದು ಹೋದ ಹಾಗಾಗಿತ್ತು.

ಮೊದಲ ವಾರ ನಿನ್ನ ಬೆರಳಿಗೆ ಅತ್ತೆ. ಎರಡನೇ ವಾರ ನಿನ್ನ ಮೇಲೆ ಸಿಟ್ಟು ಬಂತು. ಎಂಥ ಸಿಟ್ಟು ಅಂದರೆ, ಪ್ರೆಸ್ಸಿನಲ್ಲಿ ಮಿಷಿನ್ ವಿಭಾಗದ ಬಾಗಿಲಲ್ಲಿ ಹೋಗಿ ನಿಂತುಕೊಂಡೆ. ಹದಿನೆಂಟು ವರ್ಷ ಆ ಬಾಗಿಲು ದಾಟಿದವನಲ್ಲ ನಾನು. ಕಾಗದ ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ನೋಡಿದೆ. ಅದನ್ನು ನಾನು ಮಾಡಬಲ್ಲೆ ಅನ್ನಿಸಿತು. ನನಗೆ ಬೈಂಡಿಂಗ್ ಇಷ್ಟವಿದೆ ಅಕ್ಕಾ, ಅದರಲ್ಲಿ ಸುಳ್ಳಿಲ್ಲ. ಆದರೆ ಅದನ್ನು ನಾನೇ ಆರಿಸಿಕೊಂಡೆ ಎಂದು ಹೇಳುವ ಹಾಗೆ ನೀನು ಬಿಡಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ತೆಗೆಯುವಾಗ ಕೂಡ ಹಿಂದಿನವರಿಗೆ "ನನ್ನ ಕೈ ಸ್ವಲ್ಪ ನಿಧಾನ" ಎಂದು ಮೊದಲೇ ಹೇಳುತ್ತಿದ್ದೆ. ಇದನ್ನು ಬರೆಯದೆ ಕ್ಷಮಿಸಿದೆ ಎಂದರೆ ಅದೂ ಮೇಷ್ಟ್ರ ಕಥೆಯ ಹಾಗೆಯೇ ಆಗುತ್ತದೆ.

ಹೋದ ಭಾನುವಾರ ಬೆಳಿಗ್ಗೆ ಬೆಡ್‌ಶೀಟ್ ತೆಗೆದೆ. ಪ್ಲಗ್ ಕಿತ್ತು ಮಡಿಲಲ್ಲಿ ಇಟ್ಟುಕೊಂಡೆ. ಹಾಗೆ ಇಟ್ಟುಕೊಂಡಾಗ ನಿನ್ನ ಮೇ ತಿಂಗಳ ಪತ್ರ ಅರ್ಥವಾಯಿತು. ಅದನ್ನು ಆಫೀಸ್ ಪತ್ರ ಅಂದುಬಿಟ್ಟಿದ್ದೆ. ಆಮೇಲೆ ರ‍್ಯಾಮ್ ತೆಗೆದು ಒತ್ತಿದೆ. ಟಕ್. ಇನ್ನೊಂದು ಕಡೆ ಟಕ್. ಪ್ಲಗ್ ಹಾಕಿದೆ, ಒಂದೇ ಒಂದು ಸಲ ಕೂಗಿತು, ಪರದೆ ಬಂತು.

ಹೊಸ ಆಟ ಹಾಕಿದೆ. ಚೆನ್ನಾಗಿದೆ, ಮೋಡದ ನೆರಳು ಅಲ್ಲಾಡುತ್ತದೆ. ಐದು ನಿಮಿಷ ನೋಡಿ ಮುಚ್ಚಿದೆ. ಹಳೇ ಡಿಸ್ಕಿನಿಂದ ನಮ್ಮ ಆಟ ತೆಗೆದೆ.

ಮೊದಲು ಒಬ್ಬನೇ ಓಡಿಸಿದೆ. ಒಂದು, ಎರಡು, ಸೇತುವೆ, ಮೂರು. ದಾಟಿದೆ. ಮತ್ತೆ ದಾಟಿದೆ. ಹನ್ನೊಂದು ಸಲ ದಾಟಿದೆ. ಆಮೇಲೆ ಪುಸ್ತಕದ ಮೇಲೆ ಇಡುವ ಸೀಸದ ತೂಕಗಳನ್ನು ತಂದು ನಿನ್ನ ಮೂರೂ ಕೀಗಳ ಮೇಲೆ ಇಟ್ಟೆ. ನಿನ್ನ ಕಾರು ಪೇಂ ಅನ್ನುತ್ತಾ ಗೋಡೆ ಗುದ್ದಿ ಅಲ್ಲೇ ತಿರುಗುತ್ತಿತ್ತು. ನಾನು ಸೇತುವೆ ದಾಟಿ ಬಲಗಡೆಯ ಬಾಣ ಒತ್ತಿದೆ. ತಿರುಗಲಿಲ್ಲ. ಕೆರೆ. ಹಳದಿ ಮೀನು.

ಖಾಲಿ ಮನೆಯಲ್ಲಿ ಎದ್ದು ನಿಂತು ಜೋರಾಗಿ ಹೇಳಿದೆ ಅಕ್ಕಾ, ಅಮ್ಮನ ಮಂಚ ಇದ್ದ ಜಾಗದ ಕಡೆ ತಿರುಗಿ. "ನೆಲ ಡೊಂಕಾಗೇ ಇತ್ತಮ್ಮಾ."

ಈಗ ನಿನ್ನ ಸರದಿ. ಕೈ ಇಲ್ಲ, ಮುಖವಿಲ್ಲ ಎಂಬ ನೆಪವೆಲ್ಲ ಬೇಡ. ಐದು ವರ್ಷ ನನಗೆ ಬಲಗಡೆಯ ಬಾಣವೇ ಇರಲಿಲ್ಲ, ಆದರೂ ಪ್ರತಿದಿನ ಬಂದು ಕೂತು ಆಡಿದೆ. ನಿನಗೆ ಪೂರ್ತಿ ಎಡಗೈ ಇದೆ. ಸೋತರೆ ಸೋಲು. ನಾನು ಕಲಿತಿದ್ದೇನೆ, ನೀನೂ ಕಲಿ.

ಅರ್ಜಿ ಮತ್ತೆ ಕೊಡು.

ಮೀನು


ಆಗಸ್ಟ್ 24

ಮೀನು,

ಎಡಗೈ ಬರಹ, ನಗಬೇಡ. ಸಾಲು ಕೆಳಗಿಳಿಯುತ್ತಿದೆ. ಕಲಿಯುತ್ತಿದ್ದೇನೆ.

ರಜೆ ಸಿಕ್ಕಿದೆ. ಸೆಪ್ಟೆಂಬರ್ 17ರ ಜೀಪಿನಲ್ಲಿ ಹೊರಡುತ್ತೇನೆ, ಮರುದಿನ ಮಧ್ಯಾಹ್ನ ಮನೆ. ಬಾಗಿಲು ತೆಗೆದ ಕೂಡಲೇ ಕೈ ನೋಡು, ಎಷ್ಟು ಬೇಕೋ ಅಷ್ಟು ನೋಡಿ ಮುಗಿಸು. ಆಮೇಲೆ ಅದರ ಮಾತು ಬೇಡ.

ಮೇಷ್ಟ್ರನ್ನು ನಿಜವಾಗಿ ಕರಿ. ಎಂಟು ವರ್ಷ ಮೆಟ್ಟಿಲಲ್ಲೇ ನಿಲ್ಲಿಸಿದ್ದೀಯ. ಒಂದು ಲೋಟ ಚಹಾ ಅವರಿಗೆ ಸಲ್ಲಬೇಕು.

ಹಳೇ ಕೀಬೋರ್ಡ್ ಇರಲಿ. ಆದರೆ ಈ ಸಲ ಎಡಗಡೆ ನೀನು ಕೂತುಕೋ, ಕೆಂಪು ಕಾರು ನಿನ್ನದು. ಬಾಣದ ಕೀಗಳು ನನಗೆ. ಸೇತುವೆ ದಾಟಿದ ಮೇಲೆ ಹಾರ್ನ್ ಒತ್ತಿ ಹಿಡಿ, ಬಿಡಬೇಡ.

ಆ ಹಳದಿ ಮೀನನ್ನು ನಾನು ಇದುವರೆಗೆ ಒಂದು ಸಲವೂ ನೋಡಿಲ್ಲ.

ಅಕ್ಕ